ಕಲಿಯುವ ವಿದ್ಯಾರ್ಥಿಗಳೇ ರೇಡಿಯೇಷನ್ ಕೊಡುತ್ತಾರೆಯೇ? ಇಲ್ಲಿದೆ ಸತ್ಯಾಂಶ

ಗೊರೂರಿನಂಥ ಊರುಗಳಿಂದ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋದವರಿಗೆ ರೇಡಿಯೇಷನ್ ವಿಭಾಗದಲ್ಲಿ ವಿದ್ಯಾರ್ಥಿಗಳು ಕಾಣಸಿಗಬಹುದು. ‘ಇವರು ನಮ್ಮ ಮೇಲೆ ಪ್ರಯೋಗ ಮಾಡುತ್ತಾರಾ?’ ಎಂಬ ಭಯ ಸಹಜ. ಅದು ಎಷ್ಟು ನಿಜ ಎಂಬುದನ್ನು ನಾವಿಲ್ಲಿ ವಿವರಿಸುತ್ತೇವೆ.

ಇವರು ಯಾರು?
ರೇಡಿಯೊಥೆರಪಿ ಟೆಕ್ನಾಲಜಿ ಓದುತ್ತಿರುವವರು. ಆಸ್ಪತ್ರೆಯಲ್ಲಿ ತರಬೇತಿ ಪಡೆಯುವುದು ಇವರ ಕೋರ್ಸ್‌ನ ಭಾಗ. ರೋಗಿಯನ್ನು ಪ್ರತಿದಿನ ಅದೇ ಭಂಗಿಯಲ್ಲಿ ಮಲಗಿಸುವುದು, ಚರ್ಮದ ಮೇಲಿನ ಗುರುತಿಗೆ ಲೇಸರ್ ಗೆರೆ ಹೊಂದಿಸುವುದು ಪುಸ್ತಕ ಓದಿ ಬರುವ ಕೆಲಸವಲ್ಲ.

ಡೋಸ್ ನಿರ್ಧರಿಸುವವರು ಯಾರು?
ವಿದ್ಯಾರ್ಥಿಯಲ್ಲ. ಎಷ್ಟು ರೇಡಿಯೇಷನ್, ಎಷ್ಟು ದಿನ ಎಂಬುದನ್ನು ರೇಡಿಯೇಷನ್ ಆಂಕಾಲಜಿಸ್ಟ್ ಬರೆಯುತ್ತಾರೆ. ಅದರ ಲೆಕ್ಕವನ್ನು ಮೆಡಿಕಲ್ ಫಿಸಿಸಿಸ್ಟ್ ಪರಿಶೀಲಿಸುತ್ತಾರೆ. ಯಂತ್ರ ನಡೆಸುವ ಹೊಣೆ ಅರ್ಹ ಟೆಕ್ನಾಲಜಿಸ್ಟ್‌ರದು. ವಿದ್ಯಾರ್ಥಿ ಅವರ ಕಣ್ಣೆದುರಿಗೇ ಕಲಿಯಬೇಕು.

ಎಲ್ಲರೂ ಹೊರಗೆ ಹೋಗುವುದೇಕೆ?
ಕಿರಣ ಹೊರಡುವಾಗ ಒಳಗೆ ರೋಗಿ ಮಾತ್ರ ಇರಬೇಕು. ಸಿಬ್ಬಂದಿ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಬಾಗಿಲು ತೆರೆದರೆ ಕಿರಣ ತಾನಾಗಿಯೇ ನಿಲ್ಲುತ್ತದೆ. ಸಿಬ್ಬಂದಿಯ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಅವರ ಮೈಗೆ ತಗುಲಿದ ವಿಕಿರಣವನ್ನು ಅಳೆಯಲು. ದೇಶದಲ್ಲಿ ಇದರ ಮೇಲೆ ನಿಗಾ ಇಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ.

ನೀವು ಏನು ಮಾಡಬೇಕು?
ಎದುರಿಗಿರುವವರು ಯಾರೆಂದು ಕೇಳಿ. ವಿದ್ಯಾರ್ಥಿ ಇರುವುದು ಮುಜುಗರವೆನಿಸಿದರೆ ಸಂಕೋಚವಿಲ್ಲದೆ ಹೇಳಿ. ಆದರೆ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ.

ತೀರ್ಮಾನ: ವಿದ್ಯಾರ್ಥಿಗಳು ಅಲ್ಲಿರುವುದು ನಿಜ. ರೋಗಿಗಳ ಮೇಲೆ ಪ್ರಯೋಗ ನಡೆಯುತ್ತದೆ ಎಂಬುದು ತಪ್ಪು.