ಆರು ಗುಂಡಿನ ಲೆಕ್ಕ: ರಿವಾಲ್ವರ್ ಸ್ಪರ್ಧಿಗಳಿಗೆ ನ್ಯಾಯವಾದ ಶೂಟಿಂಗ್ ಕಣದ ವಿನ್ಯಾಸ, ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರು ಕೋಟೆಯ ಅಳಿದುಳಿದ ಕುರುಹುಗಳಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವೂ ಒಂದು. ಅದಿರುವುದು ಕಲಾಸಿಪಾಳ್ಯದ ಆಸುಪಾಸಿನಲ್ಲಿ. ಆ ಕಾಲದ ಕೋವಿಯಿಂದ ಒಂದು ಈಡು ಹಾರಿದರೆ, ಮತ್ತೆ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದ ಮೇಲಷ್ಟೇ ಎರಡನೆಯ ಈಡು. ಟಿಪ್ಪುವಿನ ಸೇನೆಗಾಗಿ 1783ರ ಸುಮಾರಿಗೆ ಜೈನುಲ್ ಆಬಿದೀನ್ ಶೂಸ್ತರಿ ಬರೆದ ‘ಫತಹುಲ್ ಮುಜಾಹಿದೀನ್’ ಎಂಬ ಪಾರಸಿ ಕೈಪಿಡಿಯ ಗುರಿಯೇ ಇಂಥ ಕೋವಿ ಹಿಡಿದ ಸೈನಿಕರನ್ನು ಕವಾಯತಿನ ಶಿಸ್ತಿಗೆ ತರುವುದಾಗಿತ್ತು. ಎಲ್ಲರ ಕೈಯಲ್ಲೂ ಒಂದೇ ಬಗೆಯ ಕೋವಿ ಇದ್ದಾಗ ತುಂಬುವ ಹೊತ್ತೂ ಎಲ್ಲರಿಗೂ ಒಂದೇ. ಬೇರೆ ಬೇರೆ ಆಯುಧ ಹಿಡಿದವರು ಒಂದೇ ಕಣಕ್ಕೆ ಇಳಿದಾಗ ಆ ಸಮಾನತೆ ಉಳಿಯುವುದಿಲ್ಲ. ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಕ್ರೀಡೆಯ ಚರಿತ್ರೆಯನ್ನು ಇಲ್ಲಿ ಈ ಕಡೆಯಿಂದ ನೋಡಲಾಗಿದೆ. ರಿವಾಲ್ವರ್ ಹಿಡಿದವರಿಗೆ ನ್ಯಾಯ ಸಿಗುವುದು ಅಂಕಪಟ್ಟಿ ಬರೆಯುವಾಗಲ್ಲ, ಗುರಿಗಳನ್ನು ನೆಲದಲ್ಲಿ ನೆಡುವಾಗ ಎಂಬುದು ನನ್ನ ವಾದ.

ಓಡುತ್ತ, ಮರೆಯಿಂದ ಇಣುಕುತ್ತ, ಹಲವು ಗುರಿಗಳಿಗೆ ಹೊಡೆಯುವ ಈ ಕ್ರೀಡೆ 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಕೂಪರ್ ಮತ್ತು ಅವರ ಒಡನಾಡಿಗಳಿಂದ ರೂಪುಗೊಂಡಿತು. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವ ‘ಹಿಟ್ ಫ್ಯಾಕ್ಟರ್’ ಅದರ ಜೀವಾಳ. ಆಯುಧವನ್ನು ಮರಳಿ ತುಂಬಲು ಹಿಡಿಯುವ ಪ್ರತಿ ಕ್ಷಣವೂ ಆ ಭಾಜಕಕ್ಕೆ ಸೇರುತ್ತದೆ. ಹನ್ನೆರಡು ಗುಂಡಿಗೆ ಪೂರ್ಣ 60 ಅಂಕ ಪಡೆದ ಇಬ್ಬರಲ್ಲಿ ಒಬ್ಬರು 6 ಸೆಕೆಂಡು, ಇನ್ನೊಬ್ಬರು 8 ಸೆಕೆಂಡು ತೆಗೆದುಕೊಂಡರೆ ಮೊದಲನೆಯವರಿಗೆ 10, ಎರಡನೆಯವರಿಗೆ 7.5. ಗುರಿ ಒಂದೂ ತಪ್ಪದೆ ಕಾಲುಭಾಗ ಹೋಯಿತು.

ಕೂಪರ್ .45 ಪಿಸ್ತೂಲಿನ ಕಟ್ಟಾ ಪ್ರತಿಪಾದಕ. ಆದರೂ ಅವರ ಹೆಸರಾಂತ ‘ಎಲ್ ಪ್ರೆಸಿಡೆಂಟೆ’ ಅಭ್ಯಾಸ ರಿವಾಲ್ವರ್‌ಗೆಂದೇ ಹೊಲಿದ ಅಂಗಿಯಂತಿದೆ: ಹತ್ತು ಗಜ ದೂರದ ಮೂರು ಗುರಿಗಳಿಗೆ ಎರಡೆರಡು ಗುಂಡು, ಮರಳಿ ತುಂಬುವುದು, ಮತ್ತೆ ಎರಡೆರಡು. ಆರು, ಮತ್ತೆ ಆರು. ಪಿಸ್ತೂಲಿನವರೂ ಅಲ್ಲೇ ತುಂಬಬೇಕು, ರಿವಾಲ್ವರಿನವರೂ ಅಲ್ಲೇ. ಹೋಲ್‌ಸ್ಟರ್ ತಯಾರಕ ಜಾನ್ ಬಿಯಾಂಕಿ 1979ರಲ್ಲಿ ಆರಂಭಿಸಿದ ಬಿಯಾಂಕಿ ಕಪ್‌ನಲ್ಲೂ ಇದೇ ಲೆಕ್ಕ. ನಾಲ್ಕು ಸುತ್ತು, ಸುತ್ತಿಗೆ 48 ಗುಂಡು, ಒಟ್ಟು 192, ಪರಮಾವಧಿ ಅಂಕ 1920. ಬೀಳುವ ತಟ್ಟೆಗಳ ಸಾಲಿನಲ್ಲಿ ಇರುವುದೂ ಆರೇ. ಅಮೆರಿಕದ ಪೊಲೀಸರ ಸೊಂಟದಲ್ಲಿ ಆಗ ಆರು ಗುಂಡಿನ ರಿವಾಲ್ವರ್ ಇತ್ತು, ಕಣದ ಅಳತೆಗಳಲ್ಲೂ ಅದೇ ಕಾಣುತ್ತದೆ. ಆ ಆರಂಭದ ವರ್ಷಗಳಲ್ಲಿ ಯಾರೂ ರಿವಾಲ್ವರಿಗೆ ರಿಯಾಯಿತಿ ಕೊಡುತ್ತಿದ್ದೇವೆಂದು ಭಾವಿಸಿರಲಾರರು. ಆರು ಎಂಬುದು ಆಗಿನ ಸಹಜ ಎಣಿಕೆ.

ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನುಗಳು ಬಂದಮೇಲೆ ಆ ಎಣಿಕೆ ಸಡಿಲಿತು. ಈಗ ಐಪಿಎಸ್‌ಸಿ ನಿಯಮದಂತೆ ಸಣ್ಣ ಸ್ಟೇಜಿಗೆ (ಸ್ಪರ್ಧೆಯ ಒಂದು ಕಣಕ್ಕೆ) 12, ಮಧ್ಯಮಕ್ಕೆ 24, ದೊಡ್ಡದಕ್ಕೆ 32 ಗುಂಡುಗಳ ಮಿತಿ. ಒಂದೇ ಜಾಗದಿಂದ ಕೇಳಬಹುದಾದದ್ದು ಹೆಚ್ಚೆಂದರೆ 9. ಅಮೆರಿಕದ ಸಂಘಟನೆ ಯುಎಸ್‌ಪಿಎಸ್‌ಎ ಅದನ್ನು 8ಕ್ಕೆ ಇಳಿಸಿದೆ. 32 ಗುಂಡಿನ ಸ್ಟೇಜಿನಲ್ಲಿ ಆರರ ರಿವಾಲ್ವರ್ ಕನಿಷ್ಠ ಐದು ಸಲ ತುಂಬಬೇಕು, ಎಂಟರದು ಮೂರು ಸಲ. ಹದಿನೇಳು ಗುಂಡು ಹಿಡಿಯುವ ಪಿಸ್ತೂಲಿಗೆ ಒಂದೇ ಸಲ ಸಾಕು. ರಿವಾಲ್ವರ್ ಅಭಿಮಾನಿಗಳು 1991ರಲ್ಲಿ ಐಸಿಒಆರ್‌ಇ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. 2014ರಲ್ಲಿ ಯುಎಸ್‌ಪಿಎಸ್‌ಎ ಎಂಟು ಗುಂಡಿನ ರಿವಾಲ್ವರಿಗೂ ಬಾಗಿಲು ತೆರೆಯಿತು, ಕಡಿಮೆ ಶಕ್ತಿಯ ‘ಮೈನರ್’ ಅಂಕಗಣನೆಯಡಿ. ಅಲ್ಲಿಂದ ಜಗಳ ರಿವಾಲ್ವರ್ ವಿಭಾಗದೊಳಗೇ ಬಂತು. ನಾಲ್ಕು ಗುರಿಗಳ ಗುಂಪುಗಳನ್ನೇ ಸಾಲಾಗಿ ಇಟ್ಟರೆ ಎಂಟರವರು ನಡೆಯುತ್ತ ತುಂಬುತ್ತಾರೆ, ಆರರವರು ನಿಂತಲ್ಲೇ ತುಂಬುತ್ತಾರೆ.

‘ರಿವಾಲ್ವರಿಗೆ ಬೇರೆ ವಿಭಾಗ ಕೊಟ್ಟಾಯಿತು, ಇನ್ನೇನು’ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕಾಗದದ ಪ್ರತಿ ಗುರಿಗೆ ಸಾಮಾನ್ಯವಾಗಿ ಎರಡು ಗುಂಡು. ಕಿಟಕಿಯೊಂದರಿಂದ ಮೂರು ಗುರಿ ಕಂಡರೆ ಆರು ಮುಗಿದು, ಸ್ಪರ್ಧಿ ಮುಂದಿನ ಜಾಗಕ್ಕೆ ಹೋಗುತ್ತ ಉರುಳೆ ತೆರೆದು ಖಾಲಿ ತೋಟೆಗಳನ್ನು ಉದುರಿಸಿ, ಹೊಸ ಗುಂಡುಗಳನ್ನು ಒಟ್ಟಿಗೆ ಹಿಡಿದ ಮೂನ್ ಕ್ಲಿಪ್ ಇಳಿಸಿಬಿಡಬಹುದು. ಕಾಲು ಹೇಗೂ ನಡೆಯುತ್ತಿರುತ್ತದೆ. ತುಂಬುವ ಹೊತ್ತು ಅದರಲ್ಲಿ ಕರಗುತ್ತದೆ. ಅದೇ ಕಿಟಕಿಗೆ ನಾಲ್ಕನೆಯ ಗುರಿ ಸೇರಿದರೆ ಎರಡು ಗುಂಡಿಗಾಗಿ ನಿಂತು ತುಂಬಬೇಕು. ಆರು ಉಕ್ಕಿನ ತಟ್ಟೆ ಇಟ್ಟರಂತೂ ಒಂದು ಗುರಿ ತಪ್ಪಿದರೂ ಅದೇ ಶಿಕ್ಷೆ. ಪಿಸ್ತೂಲಿನವರಿಗೆ ಆ ತಪ್ಪಿನ ಬೆಲೆ ಸೆಕೆಂಡಿನ ಒಂದು ಚೂರು, ರಿವಾಲ್ವರಿನವರಿಗೆ ಎರಡು ಮೂರು ಸೆಕೆಂಡು. ಒಂದೇ ಕೈಯಲ್ಲಿ ಹೊಡೆಯಬೇಕಾದ ಕಡೆ ಮಧ್ಯದಲ್ಲಿ ತುಂಬುವ ಪ್ರಸಂಗ ತರುವುದು ಇನ್ನೂ ಕ್ರೂರ: ಉರುಳೆ ತೆರೆಯಲು, ತುಂಬಲು ಎರಡು ಕೈ ಬೇಕೇ ಬೇಕು. 1999ರಲ್ಲಿ ರಿವಾಲ್ವರ್ ಸ್ಪರ್ಧಿ ಜೆರ್ರಿ ಮಿಕ್ಯುಲೆಕ್ ಆರು ಹೊಡೆದು, ತುಂಬಿ, ಮತ್ತೆ ಆರನ್ನು 2.99 ಸೆಕೆಂಡಿನಲ್ಲಿ ಹೊಡೆದದ್ದು ನಿಜ. ಅಂಥ ಅಸಾಧಾರಣ ಕೈಯನ್ನು ಎದುರಿಗಿಟ್ಟುಕೊಂಡು ಎಲ್ಲರಿಗೂ ಕಣ ಹಾಕುವುದು ತಪ್ಪು.

ನಮ್ಮ ನೆಲದ ಪರಂಪರೆ ಇನ್ನೊಂದು ದಾರಿ ಹಿಡಿದಿತ್ತು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಬರುವ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸಿ, ಊರವರೆಲ್ಲ ಕೂಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಇಂದಿನ ಸ್ಪರ್ಧೆಗಳಲ್ಲಿ ಪಾಯಿಂಟ್ 22 ರೈಫಲ್, 12 ಬೋರ್ ಕೋವಿ, ಏರ್‌ಗನ್ ಎಂದು ಬೇರೆ ಬೇರೆ ವಿಭಾಗ. ಗಡಿಯಾರದ ಕಾಟವಿಲ್ಲ, ಕಾಯಿ ಒಡೆಯಬೇಕು, ಅಷ್ಟೇ. ತುಂಬುವ ವೇಗಕ್ಕೆ ಅಲ್ಲಿ ಬೆಲೆಯೇ ಇಲ್ಲದ್ದರಿಂದ ಅನ್ಯಾಯದ ಪ್ರಶ್ನೆ ಏಳುವುದಿಲ್ಲ.

ಅಲ್ಲಿಯ ಕೋವಿ ಪರಂಪರೆಗೆ ಕಾನೂನಿನ ಹಿನ್ನೆಲೆಯೂ ಇದೆ. ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ 1861ರಲ್ಲಿ ಕೊಟ್ಟ ವಿನಾಯಿತಿಯಿಂದ ಬೆಳೆದ, ಪರವಾನಗಿಯಿಲ್ಲದೆ ಕೋವಿ ಹೊಂದುವ ಕೊಡವರ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರ ಹಕ್ಕನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಉಳಿದವರು ರಿವಾಲ್ವರ್ ಬೇಕೆಂದರೆ 1959ರ ಆಯುಧ ಕಾಯಿದೆಯಡಿ ಪರವಾನಗಿ ಪಡೆಯಬೇಕು. ಪರವಾನಗಿ ಪಡೆದ ಸಾಮಾನ್ಯ ಪ್ರಜೆಗೆ ಸಿಗುವುದು ಬಹುತೇಕ ಕಾನ್ಪುರದ ಸರಕಾರಿ ಕಾರ್ಖಾನೆಯ, ಆರು ಗುಂಡಿನ .32 ರಿವಾಲ್ವರ್.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಐಪಿಎಸ್‌ಸಿಯಲ್ಲಿ ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ಹಿಡಿದು ಗುಣಿಸಿ, ಸಾವಿರದಿಂದ ಭಾಗಿಸಿದಾಗ ರಿವಾಲ್ವರ್ ವಿಭಾಗದಲ್ಲಿ ಕನಿಷ್ಠ 120 ಬರಬೇಕು. .32ರ 98 ಗ್ರೇನ್ ಗುಂಡು ಸುಮಾರು 700 ಅಡಿ ವೇಗದಲ್ಲಿ ಹೋದರೆ ಸಿಗುವುದು 70ರ ಆಸುಪಾಸು. ಅಂದರೆ ಆ ನಿಯಮವನ್ನು ಹಾಗೇ ತಂದರೆ ನಮ್ಮ ರಿವಾಲ್ವರ್ ಹೊಸ್ತಿಲಲ್ಲೇ ಹೊರಗುಳಿಯುತ್ತದೆ. ಕರ್ನಾಟಕದ ಪರವಾನಗಿ ಪಡೆದ ರೇಂಜುಗಳಲ್ಲಿ ಇಂಥ ಸ್ಪರ್ಧೆ ಕಟ್ಟುವವರು ಶಕ್ತಿಯ ಈ ಮಿತಿಯನ್ನು ಸ್ಥಳೀಯವಾಗಿ ಕೆಳಗಿಳಿಸಬೇಕು. ಹಾಗೆಯೇ ಸಣ್ಣ ತೋಟೆಗೆ ಬೀಳದ ಭಾರದ ತಟ್ಟೆಗಳನ್ನು ಕೈಬಿಟ್ಟು, ಕಾಗದದ ಗುರಿಯಿಂದಲೇ ಶುರುಮಾಡಬೇಕು: ಮೊದಲ ಮರೆಯಲ್ಲಿ ಮೂರು ಗುರಿ, ಐದಾರು ಹೆಜ್ಜೆ ನಡಿಗೆ, ಎರಡನೆಯದರಲ್ಲಿ ಎರಡು ಗುರಿ ಮತ್ತು ಒಂದು ಹಗುರ ತಟ್ಟೆ, ಮತ್ತೆ ನಡಿಗೆ, ಕೊನೆಗೆ ಮೂರು. ಒಟ್ಟು ಹದಿನೇಳು ಗುಂಡು. ನಡುವಿನ ಮರೆಯಲ್ಲಿ ಉಳಿದ ಆ ಒಂದು ಗುಂಡು, ತಟ್ಟೆ ಒಮ್ಮೆ ತಪ್ಪಿದರೆ ಇನ್ನೊಮ್ಮೆ ಹೊಡೆಯಲು.