ಭೂರ್ಜದ ಕಾಂಡವೂ ಕಾರ್ಕಳದ ಗೋಳಿಯೂ: ವಾಮನವೃಕ್ಷಕ್ಕಾಗಿ ಕಾಂಡರೋಪಣ

ಹಿಮಾಲಯದಲ್ಲಿ ಸುಮಾರು 3,000 ಮೀಟರಿಗೂ ಮೇಲಿನ ಇಳಿಜಾರುಗಳಲ್ಲಿ ಬೆಳೆದು, ತನ್ನ ತೊಗಟೆಯ ಪದರಗಳಿಂದ ಕಾಶ್ಮೀರದ ಲಿಪಿಕಾರರಿಗೆ ಬರವಣಿಗೆಯ ಹಾಳೆಯನ್ನು ಒದಗಿಸಿದ ಭೂರ್ಜವೃಕ್ಷವನ್ನು ನಮ್ಮ ತುಳುನಾಡು ಕಂಡುದಿಲ್ಲ. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯಲ್ಲಿ ಜೈನರ ಧವಲಾದಿ ಸಿದ್ಧಾಂತಗ್ರಂಥಗಳು ಉಳಿದುಬಂದುದು ತಾಳೆಗರಿಯ ಮೇಲೆ. ಆದರೂ ಆ ಕುಲದ ಶ್ವೇತಕಾಂಡದ ಚೆಲುವಿಗೆ ಮನಸೋತು, ಅದರ ಕಡ್ಡಿಯೊಂದನ್ನು ತರಿಸಿ ನೆಟ್ಟು ಬೋನ್ಸಾಯ್ ಮಾಡಬಹುದೇ ಎಂದು ಕೇಳುವವರು ಇಲ್ಲಿಯೂ ಉಂಟು. ಆಗದು ಎಂಬುದು ಉತ್ತರ. ಏಕೆ ಆಗದೆಂಬುದು ಮಾತ್ರ ವಿಚಾರಾರ್ಹ.

ಭೂರ್ಜದ ಬಲಿತ ಕಡ್ಡಿಯು ಬೇರೊಡೆಯುವುದು ಅತಿ ವಿರಳ. ಎಳೆಯ ಗಿಡದಿಂದ ಬೇಸಗೆಯ ಆದಿಯಲ್ಲಿ ತೆಗೆದ ಮೃದುವಾದ ಚಿಗುರಿಗೆ, 1935ರಿಂದ ಬಳಕೆಗೆ ಬಂದ ಇಂಡೋಲ್ ಬ್ಯುಟಿರಿಕ್ ಆಮ್ಲವನ್ನು ಲೇಪಿಸಿ, ತೇವದ ಆವರಣದಲ್ಲಿಟ್ಟರೆ ಬೇರು ಬಂದೀತು. ಆದರೆ ಶೀತಕಾಲಕ್ಕೆ ಮುನ್ನ ಹೊಸ ಕುಡಿ ಮೂಡದಿದ್ದಲ್ಲಿ, ಬೇರೂರಿದ ಸಸಿಯೂ ಮರುವಸಂತವನ್ನು ಕಾಣದೆ ಸಾಯುವುದುಂಟು. ತಾಯಿಮರ ಮುದಿಯಾದಷ್ಟೂ ಈ ಶಕ್ತಿ ಕ್ಷೀಣಿಸುತ್ತದೆ. ಮೇಲಾಗಿ, ಅದರ ಮೊಗ್ಗು ಅರಳಲು ಬೇಕಾದ ದೀರ್ಘಶೈತ್ಯವು ನಮ್ಮ ಕರಾವಳಿಯಲ್ಲಿ ಎಲ್ಲಿಯದು?

ಮರಮರಕ್ಕೂ ಇರುವ ಈ ಭೇದವನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಹಲಸು, ದಾಳಿಂಬೆ, ದ್ರಾಕ್ಷಿ ಮೊದಲಾದವನ್ನು ಕಾಂಡರೋಪ್ಯಗಳೆಂದು, ಎಂದರೆ ಕಾಂಡವನ್ನು ನೆಟ್ಟು ಬೆಳೆಸತಕ್ಕವೆಂದು, ಬೇರ್ಪಡಿಸಿ, ಕಾಂಡಕ್ಕೆ ಗೋಮಯವನ್ನು ಬಳಿಯುವಂತೆ ವಿಧಿಸಿದ್ದಾನೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ವೃಕ್ಷಾಯುರ್ವೇದಕ್ಕೆ ಎಡೆಗೊಟ್ಟಿದೆ. ಶಂಕರಪುರದ ಮಲ್ಲಿಗೆಯ ಕೃಷಿಕರು ಗೆಲ್ಲು ನೆಟ್ಟು ಗಿಡ ಮಾಡುವ ವಿದ್ಯೆಯೂ ಈ ಜಾತಿಯದೇ.

ನನ್ನ ಅಭಿಪ್ರಾಯದಲ್ಲಿ ಕಾರ್ಕಳದ ವಾಮನವೃಕ್ಷವು ಗೋಳಿ, ಎಂದರೆ ಆಲ. ಹಳೆಯ ಮುರಕಲ್ಲಿನ ಗೋಡೆಯ ಸಂದಿನಲ್ಲಿ, ಹಿಡಿ ಮಣ್ಣೂ ಇಲ್ಲದೆಡೆ, ಹಕ್ಕಿಯ ಹಿಕ್ಕೆಯಿಂದ ಬಿದ್ದ ಬೀಜವು ಮೊಳೆತು, ಕಲ್ಲನ್ನು ತಬ್ಬಿ, ಹತ್ತಾರು ವರ್ಷ ಗಿಡ್ಡವಾಗಿಯೇ ಬದುಕುವುದನ್ನು ನೋಡಿದವರಿಗೆ ಬೇರೆ ಪ್ರಮಾಣ ಬೇಡ. ಗೆಲ್ಲಿನಿಂದಲೇ ಬಿಳಲನ್ನಿಳಿಸುವ ಈ ಕುಲಕ್ಕೆ ಕಾಂಡದಲ್ಲಿ ಬೇರು ಹುಟ್ಟಿಸುವುದು ಸಹಜಧರ್ಮ. ಮುಂಗಾರು ಹಿಡಿಯುವ ಮೊದಲು, ಹೆಬ್ಬೆರಳು ಗಾತ್ರದ, ಗೇಣುದ್ದದ ಗೆಲ್ಲನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಒಸರುವ ಹಾಲನ್ನು ತೊಳೆದು, ಗಾಯ ಆರಿದ ಮೇಲೆ, ತುದಿಯ ಒಂದೆರಡು ಎಲೆಗಳನ್ನುಳಿಸಿ, ಹೊಳೆಮರಳೂ ತೆಂಗಿನ ನಾರಿನ ಪುಡಿಯೂ ಬೆರೆತ ಕುಂಡದಲ್ಲಿ ಊರಬೇಕು. ಆಷಾಢದ ಜಡಿಮಳೆಗೆ ನೇರವಾಗಿ ಒಡ್ಡಿದರೆ ಕೊಳೆಯುವುದರಿಂದ, ಜಗಲಿಯ ಸೂರಿನಡಿ ಇಡುವುದು ಲೇಸು. ಕೆಲವು ವಾರಗಳಲ್ಲಿ ತೊಗಟೆಯ ಮೇಲಿನ ಚುಕ್ಕೆಗಳು ಅಕ್ಕಿನುಚ್ಚಿನಂತೆ ಬೆಳ್ಳಗೆ ಉಬ್ಬಿ, ಅವುಗಳ ನಡುವಿನಿಂದ ಬೇರಿನ ಮೊನೆಗಳು ಇಣುಕುತ್ತವೆ. ಬೀಜದ ಸಸಿಗಿರುವ ತಾಯಿಬೇರು ಇದಕ್ಕಿಲ್ಲ. ಸುತ್ತಲೂ ಹರಡಿದ ಬೇರುಗಳೇ ಇರುವುದರಿಂದ ಎರಡಂಗುಲ ಆಳದ ತಟ್ಟೆಯಲ್ಲಿಯೂ ಇದು ಸುಖವಾಗಿ ನಿಲ್ಲುತ್ತದೆ. ಭೂರ್ಜಾಭಿಲಾಷಿಗಳು ಇದನ್ನು ಗಮನಿಸಬೇಕು.

ಮುಂದಿನ ಮಳೆಗಾಲದಲ್ಲಿ ಈ ಪ್ರಯೋಗಕ್ಕೆ ತೊಡಗುವ ಓದುಗರು ಗೆಲ್ಲನ್ನು ಕೊಯ್ದ ದಿನ, ಅದರ ಗಾತ್ರ, ನೆಟ್ಟವುಗಳಲ್ಲಿ ಬೇರೂರಿದವೆಷ್ಟು, ಕೊಳೆತವೆಷ್ಟು ಎಂಬುದನ್ನು ತಪ್ಪದೆ ಬರೆದಿಡಬೇಕೆಂದು ವಿನಂತಿ.