ಚಪ್ಪರದ ಸಂಗೀತ, ಬೊಗಸೆಯ ಕೋಸಂಬರಿ

ಘನ ವಿದ್ವಾಂಸರ ಕಛೇರಿ ಕೇಳಲು ಒಂದು ಕಾಲಕ್ಕೆ ಹೆಚ್ಚಾಗಿ ಅರಮನೆಯ ಆಹ್ವಾನ ಬೇಕಿತ್ತು, ಇಲ್ಲವೇ ಸಿರಿವಂತರ ಪರಿಚಯ. ಬೆಂಗಳೂರಿನಲ್ಲಿ ಈ ಕಟ್ಟು ಸಡಿಲಿಸಿದ ಬಡಾವಣೆಗಳಲ್ಲಿ ಚಾಮರಾಜಪೇಟೆಯೂ ಒಂದು.

1892ರಲ್ಲಿ ರೂಪುಗೊಂಡ ಈ ಬಡಾವಣೆಗೆ ಹತ್ತನೆಯ ಚಾಮರಾಜ ಒಡೆಯರ ಹೆಸರು. ಇಲ್ಲಿಯೇ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶ್ರೀರಾಮಸೇವಾ ಮಂಡಳಿಯನ್ನು ಆರಂಭಿಸಿದರು. ಬರಬರುತ್ತಾ ರಾಮನವಮಿಯ ಉತ್ಸವ ದೊಡ್ಡದಾಯಿತು. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರ ಅದರ ನೆಲೆಯಾಯಿತು. ಚೆಂಬೈ ವೈದ್ಯನಾಥ ಭಾಗವತರ್, ಎಂ.ಎಸ್. ಸುಬ್ಬುಲಕ್ಷ್ಮಿ ಅವರಂಥವರು ಈ ಉತ್ಸವದಲ್ಲಿ ಹಾಡಿದರು. ಟಿಕೆಟ್ ಕೊಳ್ಳಲಾಗದವರು ಹೊರಗೆ ರಸ್ತೆ ಬದಿಯಲ್ಲಿ ಕುಳಿತು ಕೇಳಿದರು. ಚಪ್ಪರಕ್ಕೆ ಬಾಗಿಲಿತ್ತು, ಅದನ್ನು ದಾಟಿ ಬರುವ ನಾದಕ್ಕೆ ಇರಲಿಲ್ಲ.

ಹಬ್ಬದ ತಿನಿಸಿನ ಗುಣವೂ ಇಂಥದ್ದೇ. ಬೆಲ್ಲ, ಶುಂಠಿ, ಏಲಕ್ಕಿಯ ಪಾನಕ, ನೆನೆಸಿದ ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ, ನೀರುಮಜ್ಜಿಗೆ. ಮೂರೂ ಚೈತ್ರದ ಸೆಕೆಗೆ ತಂಪು. ಬೇಳೆ ಬೇಯಿಸುವ ಕೆಲಸವಿಲ್ಲ, ಖರ್ಚೂ ಕಡಿಮೆ. ಹಾಗಾಗಿ ನೂರಾರು ಜನಕ್ಕೆ ಹಂಚುವುದು ಸುಲಭ. ಲೋಟ ಹಿಡಿದವರ ಹೆಸರು, ಕುಲ ಕೇಳುವ ಪುರುಸೊತ್ತು ಹಂಚುವವರಿಗೆ ಇರುವುದಿಲ್ಲ.

ಶಾಸ್ತ್ರೀಯ ಸಂಗೀತ ಕೆಲವರ ಸೊತ್ತೆಂಬ ದೂರು ಇಂದಿಗೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ರಸ್ತೆ ಬದಿಯ ಆ ಶ್ರೋತೃಗಳನ್ನು ಬಿಟ್ಟು ಅದರ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆಯಷ್ಟೇ.